ತಾಷ್ಕೆಂಟ್ 1966: ಶಾಸ್ತ್ರೀಜಿ ಹಾಜಿಪೀರ್ ಬಿಟ್ಟದ್ದಕ್ಕೆ ಯಾರು, ಯಾಕೆ ಸಿಟ್ಟಾದರು?

ಹಳೇಪೇಪರ್ · ಶನಿವಾರ ಬೆಳಗ್ಗೆ

ಕಳೆದ ವಾರ ಅಟ್ಟ ಗುಡಿಸುವಾಗ ಅಜ್ಜನ ಟ್ರಂಕು ಸಿಕ್ಕಿತು. ಪತ್ರಿಕೆ ಕತ್ತರಿಸಿ ಇಟ್ಟುಕೊಳ್ಳುವ ಹುಚ್ಚು ಅವರಿಗೆ. ಒಂದು ತುಣುಕು 1966ರ ಜನವರಿಯದು. 1965ರ ಭಾರತ-ಪಾಕಿಸ್ತಾನ ಯುದ್ಧ ಮುಗಿದ ಮೇಲೆ ಪ್ರಧಾನಿ ಶಾಸ್ತ್ರಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಸಹಿ ಹಾಕಿದ ತಾಷ್ಕೆಂಟ್ ಒಪ್ಪಂದದ ಒಂಬತ್ತೂ ಅಂಶ ಅದರಲ್ಲಿದೆ. ಎರಡೂ ದೇಶದ ಸೈನ್ಯ ಫೆಬ್ರವರಿ 25ರೊಳಗೆ, 1965ರ ಆಗಸ್ಟ್ 5ಕ್ಕೆ ಮುಂಚೆ ಇದ್ದ ಜಾಗಕ್ಕೆ ವಾಪಸಾಗಬೇಕು ಅನ್ನುವ ಸಾಲಿನ ಪಕ್ಕ, ಅಂಚಿನಲ್ಲಿ ಎರಡು ಕೈಬರಹ. ನೀಲಿ ಶಾಯಿಯಲ್ಲಿ ಅಜ್ಜ "ಸರಿ" ಅಂತ ಬರೆದಿದ್ದಾರೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಅವರ ತಮ್ಮ "ಮಾರಿಬಿಟ್ರು" ಅಂತ ಬರೆದಿದ್ದಾರೆ.

ಅಜ್ಜ ಕಾಂಗ್ರೆಸ್ಸು. ಚಿಕ್ಕಜ್ಜ ಜನಸಂಘ. ಇಬ್ಬರೂ ಓದಿದ್ದು ಒಂದೇ ಕಾಗದ, ಕೂತದ್ದು ಒಂದೇ ಜಗಲಿಯ ಮೇಲೆ. ಒಬ್ಬರಿಗೆ ಶಾಂತಿ ಕಂಡಿತು, ಇನ್ನೊಬ್ಬರಿಗೆ ಮೋಸ ಕಂಡಿತು. ಒಪ್ಪಂದದಲ್ಲಿ ಏನಿದೆ ಅನ್ನುವುದಕ್ಕಿಂತ ಸಹಿ ಹಾಕಿದವರು ಯಾವ ಪಕ್ಷ ಅನ್ನುವುದನ್ನೇ ಜನ ಮೊದಲು ನೋಡುತ್ತಾರೆ ಅಂತ ನನಗೆ ಅನಿಸುತ್ತೆ. ನಿಮಗೇನನಿಸುತ್ತೆ?

ಗಡಿಕಲ್ಲು · ಶನಿವಾರ ಬೆಳಗ್ಗೆ

ಕ್ಷಮಿಸಿ ಸರ್, ನಿಮ್ಮ ಪ್ರಶ್ನೆಯೇ ಒಂದು ಕಡೆ ವಾಲಿದೆ. ಇದು ಪಕ್ಷದ ವಿಷಯವೇ ಅಲ್ಲ. ಹಾಜಿಪೀರ್ ಕಣಿವೆ ಎಂಟೂವರೆ ಸಾವಿರ ಅಡಿಗೂ ಎತ್ತರದಲ್ಲಿದೆ. ಊರಿಯಿಂದ ಪೂಂಛ್‌ಗೆ ಹೋಗುವ ಹಳೇ ದಾರಿ ಅದರ ಮೇಲೆಯೇ ಹಾದುಹೋಗುತ್ತೆ. ನುಸುಳುಕೋರರು ಬರುತ್ತಿದ್ದದ್ದೂ ಆ ಕಡೆಯಿಂದಲೇ. 1965ರ ಆಗಸ್ಟ್ 28ರಂದು ಮೇಜರ್ ರಂಜಿತ್ ಸಿಂಗ್ ದಯಾಳ್ ಅವರ ತಂಡ ರಾತ್ರಿಯೆಲ್ಲ ಮಳೆಯಲ್ಲಿ ಬೆಟ್ಟ ಹತ್ತಿ ಅದನ್ನು ಹಿಡಿಯಿತು. ಅವರಿಗೆ ಮಹಾವೀರ ಚಕ್ರ ಬಂತು. ಐದೇ ತಿಂಗಳಲ್ಲಿ ಮೇಜಿನ ಮೇಲೆ ಅದನ್ನು ಬಿಟ್ಟುಕೊಟ್ಟರು. ಬಿಟ್ಟದ್ದು ತಪ್ಪು ಅಂತ ಮುಂದೆ ದಯಾಳ್ ಅವರೇ ಹೇಳಿದ್ದಾರೆ. ಅವರು ಯಾವ ಪಕ್ಷ, ಹೇಳಿ?

ಲೆಕ್ಕದಪುಸ್ತಕ · ಶನಿವಾರ ಮಧ್ಯಾಹ್ನ

ಗಡಿಕಲ್ಲು ಅವರೇ, ಹಾಜಿಪೀರ್ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಅರ್ಧ ಪುಟ ಮಾತ್ರ ಓದಿದಿರಿ.

ಸೆಪ್ಟೆಂಬರ್ 1ರಂದು ಪಾಕಿಸ್ತಾನ ಜಮ್ಮು ಗಡಿಯ ಛಾಂಬ್ ಕಡೆಯಿಂದ ಟ್ಯಾಂಕ್ ನುಗ್ಗಿಸಿತು. ಛಾಂಬ್, ಜೌರಿಯಾಂ ಎರಡೂ ಹೋದವು. ಅಖ್ನೂರ್ ಸೇತುವೆ ಹೋಗಿದ್ದರೆ ಜಮ್ಮುವಿನಿಂದ ಆಚೆಯ ದಾರಿಯೇ ಕಡಿದುಹೋಗುತ್ತಿತ್ತು. ಅದನ್ನು ತಪ್ಪಿಸಲೆಂದೇ ಸೆಪ್ಟೆಂಬರ್ 6ರಂದು ನಮ್ಮವರು ಲಾಹೋರ್ ಕಡೆ ಹೊಸ ರಂಗ ತೆರೆದದ್ದು. ಕದನವಿರಾಮ ಬಂದಾಗ ಅವರ ನೆಲ ನಮ್ಮ ಕೈಯಲ್ಲಿ ಸುಮಾರು 1,900 ಚದರ ಕಿಲೋಮೀಟರ್ ಇತ್ತು. ನಮ್ಮದು ಅವರ ಕೈಯಲ್ಲಿ ಸುಮಾರು 540. ಛಾಂಬ್ ಮತ್ತು ಪಂಜಾಬಿನ ಖೇಮ್‌ಕರಣ್ ಆ 540ರಲ್ಲಿ ಸೇರಿದ್ದವು.

ಆಗಸ್ಟ್ 5ರ ಗೆರೆಗೆ ಎಲ್ಲರೂ ವಾಪಸ್ ಅಂದರೆ ಎಲ್ಲರೂ ಅಂತಲೇ. ನಮಗೆ ಛಾಂಬ್ ಬೇಕು, ಹಾಜಿಪೀರ್ ಮಾತ್ರ ಕೊಡಲ್ಲ ಅಂದರೆ ಆ ಕಡೆಯವರು ಸಹಿ ಹಾಕುತ್ತಿದ್ದರಾ?

ಗಡಿಕಲ್ಲು · ಶನಿವಾರ ಮಧ್ಯಾಹ್ನ

ಅದಕ್ಕೇ ತಾನೇ ಲಾಹೋರ್, ಸಿಯಾಲ್‌ಕೋಟ್ ಕಡೆಯ ನೆಲ ನಮ್ಮ ಕೈಯಲ್ಲಿದ್ದದ್ದು? ಪಾಕಿಸ್ತಾನದ ಪಂಜಾಬನ್ನು ಕೊಟ್ಟು ನಮ್ಮ ಛಾಂಬ್ ತಗೊಳ್ಳಬಹುದಿತ್ತು. ಮೂರೂವರೆ ಪಟ್ಟು ನೆಲ ಕೈಯಲ್ಲಿಟ್ಟುಕೊಂಡು ಚೌಕಾಸಿ ಮಾಡಕ್ಕೆ ಬರದಿದ್ದರೆ ಹೇಗೆ? ಇನ್ನೊಂದು ಮಾತು. ಹಾಜಿಪೀರ್ ಇರುವುದು ಜಮ್ಮು ಕಾಶ್ಮೀರದಲ್ಲಿ. ಇಡೀ ಜಮ್ಮು ಕಾಶ್ಮೀರ ನಮ್ಮದು ಅಂತ ಸರ್ಕಾರವೇ ಹೇಳುತ್ತೆ. ಹಾಗಿದ್ದ ಮೇಲೆ ಅದು "ಹಿಡಿದ ನೆಲ" ಹೇಗಾಯಿತು? ನಮ್ಮ ಮನೆಯ ಕೋಣೆಗೆ ನಾವು ಹೋದದ್ದು. ಅದನ್ನು ಲಾಹೋರಿನ ಹೊಲದ ಜೊತೆ ಒಂದೇ ತಕ್ಕಡಿಗೆ ಹಾಕಿದ್ದು ತಪ್ಪು.

ಹಳೇಪೇಪರ್ · ಶನಿವಾರ ಸಂಜೆ

ಇದು ಒಳ್ಳೆಯ ವಾದ. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಸೆಪ್ಟೆಂಬರ್ 20ರ ಭದ್ರತಾ ಮಂಡಳಿ ನಿರ್ಣಯದಲ್ಲೇ ಆಗಸ್ಟ್ 5ರ ಗೆರೆ ಬಂದಿತ್ತು. ಕದನವಿರಾಮ ಒಪ್ಪಿಕೊಂಡ ದಿನವೇ ಆ ಗೆರೆಯ ನೆರಳು ಬಿದ್ದಾಗಿತ್ತು. ತಾಷ್ಕೆಂಟಿನಲ್ಲಿ ಅದು ಆಕಾಶದಿಂದ ಇಳಿದು ಬರಲಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ದೇಶವೆಲ್ಲ ಜೈಕಾರ ಹಾಕುತ್ತಿತ್ತು. ಆ ಗೆರೆ ಯಾರ ಕಣ್ಣಿಗೂ ಬೀಳಲಿಲ್ಲ. ಜನವರಿಯಲ್ಲಿ ಬಿತ್ತು.

ಸಂಜೆಮಲ್ಲಿಗೆ · ಶನಿವಾರ ಸಂಜೆ

ನನಗೆ ಯುದ್ಧದ ನಕ್ಷೆ ಅಷ್ಟು ಗೊತ್ತಾಗಲ್ಲ. ಆದರೆ ಆ ರಾತ್ರಿಯ ಫೋನ್ ಕಥೆ ಓದಿದಾಗಿನಿಂದ ತಲೆಯಿಂದ ಹೋಗಿಲ್ಲ. ಶಾಸ್ತ್ರಿ ಜೊತೆ ತಾಷ್ಕೆಂಟಿಗೆ ಹೋಗಿದ್ದ ಪತ್ರಕರ್ತ ಕುಲದೀಪ್ ನಯ್ಯರ್ ಬರೆದದ್ದು ಇದು. ಜನವರಿ 10ರಂದು ಸಹಿ ಆಯಿತು. ರಾತ್ರಿ ಶಾಸ್ತ್ರಿ ದೆಹಲಿಯ ಮನೆಗೆ ಫೋನ್ ಹಚ್ಚಿಸಿದರು. ಒಪ್ಪಂದ ಹೇಗನಿಸಿತು ಅಂತ ಮಗಳನ್ನು ಕೇಳಿದರು. ಇಷ್ಟ ಆಗಲಿಲ್ಲ ಅಂದಳು. ಅಮ್ಮನಿಗೆ? ಅವರಿಗೂ ಇಷ್ಟ ಆಗಿಲ್ಲ. ಹೆಂಡತಿ ಫೋನಿಗೇ ಬರಲಿಲ್ಲ. ಮನೆಯವರಿಗೇ ಹಿಡಿಸದಿದ್ದರೆ ಹೊರಗಿನವರು ಏನಂದಾರು ಅಂತ ಅವರಿಗೆ ಚಿಂತೆ ಹತ್ತಿತಂತೆ. ಮಾರನೇ ದಿನ ಕಾಬೂಲಿಗೆ ಹೋಗುವುದಿತ್ತು. ಭಾರತದ ಪತ್ರಿಕೆಗಳನ್ನು ಅಲ್ಲಿಗೆ ತರಿಸಿ ಅಂತ ಹೇಳಿ ಮಲಗಲು ಹೋದರು.

ಆ ಪತ್ರಿಕೆಗಳನ್ನು ಅವರು ಓದಲೇ ಇಲ್ಲ.

ಆ ಮನೆಯವರು ಯಾವ ಪಕ್ಷ, ಹಳೇಪೇಪರ್ ಅವರೇ? ನಿಮ್ಮ ಲೆಕ್ಕ ಇಲ್ಲಿ ತಪ್ಪುತ್ತೆ ಅಲ್ವಾ?

ಚಂದ್ರಶಿಕಾರಿ · ಶನಿವಾರ ರಾತ್ರಿ

ಯಾರೂ ಅಸಲಿ ಪ್ರಶ್ನೆ ಕೇಳ್ತಾ ಇಲ್ಲ. ಅವರು ಸತ್ತದ್ದು ಹೇಗೆ? ಹಾಲು ಕೊಟ್ಟವರು ಯಾರು? ಪೋಸ್ಟ್‌ಮಾರ್ಟಂ ಯಾಕೆ ಆಗಲಿಲ್ಲ?

ನಿರ್ವಾಹಕ · ಶನಿವಾರ ರಾತ್ರಿ

ಸಾವಿನ ಬಗ್ಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಅದು ಈಗಾಗಲೇ 400 ಉತ್ತರ ದಾಟಿದೆ. ಯಾರೂ ಯಾರ ಮಾತನ್ನೂ ಒಪ್ಪಿಲ್ಲ. ಇಲ್ಲಿ ಒಪ್ಪಂದ ಮತ್ತು ಅದಕ್ಕೆ ಬಂದ ಪ್ರತಿಕ್ರಿಯೆ ಮಾತ್ರ.

ಹಳೇಪೇಪರ್ · ಶನಿವಾರ ರಾತ್ರಿ

ಸಂಜೆಮಲ್ಲಿಗೆ ಮೇಡಂ, ಲೆಕ್ಕ ತಪ್ಪಿತು ಅಂತ ಒಪ್ಪಿಕೊಳ್ಳುತ್ತೇನೆ. ಬಹುಶಃ ಹೀಗೆ ಹೇಳಬೇಕಿತ್ತು. ಎದುರು ಪಕ್ಷ ಬೈದರೆ ನಾಯಕನಿಗೆ ಅದು ಲೆಕ್ಕದಲ್ಲಿ ಇರುವುದೇ. ತನ್ನವರು ಸುಮ್ಮನಾದರೆ ಕರುಳು ಚುರ್ ಅನ್ನುತ್ತೆ.

ತನ್ನವರು ಅಂದ ಕೂಡಲೇ ನೆನಪಾಗುವುದು ಮಹಾವೀರ್ ತ್ಯಾಗಿ. ಶಾಸ್ತ್ರಿ ಸಂಪುಟದಲ್ಲೇ ಪುನರ್ವಸತಿ ಮಂತ್ರಿ. ಅಪ್ಪಟ ಕಾಂಗ್ರೆಸ್ಸಿಗ. ಹಾಜಿಪೀರ್ ಬಿಟ್ಟದ್ದನ್ನು ಒಪ್ಪಲಾರೆ ಅಂತ ರಾಜೀನಾಮೆ ಕೊಟ್ಟರು. ಚೀನಾ ಹಿಡಿದ ಅಕ್ಸಾಯ್ ಚಿನ್‌ನಲ್ಲಿ ಹುಲ್ಲೂ ಬೆಳೆಯಲ್ಲ ಅಂತ ನೆಹರೂ ಅಂದಾಗ, ತಮ್ಮ ಬೋಳು ತಲೆ ತೋರಿಸಿ ಇಲ್ಲೂ ಏನೂ ಬೆಳೆಯಲ್ಲ, ಇದನ್ನೂ ಕೊಟ್ಟುಬಿಡೋಣವಾ ಅಂತ ಕೇಳಿದರು ಅಂತ ಕಥೆ ಇದೆಯಲ್ಲ, ಅದೇ ತ್ಯಾಗಿ. ಕುರ್ಚಿ ಹೋಗುತ್ತೆ ಅಂತ ಗೊತ್ತಿದ್ದೂ ಹೇಳಿದ ಮಾತಿಗೆ ಬೇರೆಯೇ ತೂಕ.

ಗಡಿಕಲ್ಲು · ಶನಿವಾರ ರಾತ್ರಿ

ನೋಡಿ, ಕಾಂಗ್ರೆಸ್ ಮಂತ್ರಿಯೇ ಬಿಟ್ಟು ಹೋದರು. ಜನಸಂಘ ಹೇಳಿದ್ದು ಸರಿ ಅಂತ ಆಯಿತಲ್ಲ.

ಕೆಂಬಾವುಟ · ಭಾನುವಾರ ಬೆಳಗ್ಗೆ

ಒಬ್ಬರು ರಾಜೀನಾಮೆ ಕೊಟ್ಟರೆ ಒಪ್ಪಂದ ತಪ್ಪಾಗಿಬಿಡುತ್ತಾ? ಆಗಿನ ಪರಿಸ್ಥಿತಿ ನೋಡಿ ಸ್ವಾಮಿ. ಅಮೆರಿಕ ಎರಡೂ ಕಡೆಗೆ ಶಸ್ತ್ರ ನಿಲ್ಲಿಸಿತ್ತು. ಅದೇ ವರ್ಷ ಮಳೆ ಕೈಕೊಟ್ಟಿತ್ತು. ಅಮೆರಿಕದ ನೆರವಿನ ಪಿಎಲ್ 480 ಗೋಧಿ ಬರುವ ಹಡಗನ್ನು ದೇಶ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ಅದನ್ನೂ ಅಲ್ಲಿನ ಅಧ್ಯಕ್ಷ ಜಾನ್ಸನ್ ಅಳೆದು ಅಳೆದು ಕೊಡುತ್ತಿದ್ದರು. ಯುದ್ಧದ ನಡುವೆ ಚೀನಾ ಸಿಕ್ಕಿಂ ಗಡಿಯ ನೆಪದಲ್ಲಿ ಗಡುವು ಕೊಟ್ಟಿತ್ತು. ಆಗ ನಮ್ಮ ಕೈ ಹಿಡಿದದ್ದು ಸೋವಿಯತ್ ಒಂದೇ. ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ವಿಷಯಕ್ಕೆ ವೀಟೊ ಹಾಕಿಕೊಂಡು ಬಂದವರು ಅವರು. ಸೋವಿಯತ್ ಪ್ರಧಾನಿ ಕೊಸಿಗಿನ್ ಸ್ವತಃ ಇಬ್ಬರ ಬಿಡಾರಕ್ಕೂ ಓಡಾಡಿ ಮಾತಾಡಿಸಿದರು. ಅವರ ಮಾತು ತಳ್ಳಿಹಾಕಿ ಬೆಟ್ಟದ ಮೇಲೆ ಕೂರಬೇಕಿತ್ತಾ?

ಲೆಕ್ಕದಪುಸ್ತಕ · ಭಾನುವಾರ ಬೆಳಗ್ಗೆ

ಕೆಂಬಾವುಟ ಅವರೇ, ನೀವು ಹೇಳಿದ ಸಂಗತಿಗಳೆಲ್ಲ ಸರಿ. ಒಂದೇ ಪ್ರಶ್ನೆ. ಕಮ್ಯುನಿಸ್ಟ್ ಪಕ್ಷ ತಾಷ್ಕೆಂಟನ್ನು ಹೊಗಳಿತು. ಇದೇ ಒಂಬತ್ತು ಅಂಶ, ಅಕ್ಷರವೂ ಬದಲಾಗದೆ, ವಾಷಿಂಗ್ಟನ್ನಿನಲ್ಲಿ ಸಹಿ ಆಗಿದ್ದರೆ ಹೊಗಳುತ್ತಿತ್ತಾ?

ಕೆಂಬಾವುಟ · ಭಾನುವಾರ ಬೆಳಗ್ಗೆ

ವಾಷಿಂಗ್ಟನ್ ಇದೇ ಒಂಬತ್ತು ಅಂಶ ಕೊಡುತ್ತಿರಲಿಲ್ಲ. ಕಾಶ್ಮೀರದ ಮೇಲೆ ಇನ್ನೂ ನಾಲ್ಕು ಸಾಲು ಸೇರಿಸುತ್ತಿತ್ತು.

ಲೆಕ್ಕದಪುಸ್ತಕ · ಭಾನುವಾರ ಬೆಳಗ್ಗೆ

ಕೇಳಿದ್ದಕ್ಕೆ ಇದು ಉತ್ತರ ಅಲ್ಲ. ಆದರೂ ಚೆನ್ನಾಗಿದೆ 🙂

ತುಂತುರು · ಭಾನುವಾರ ಬೆಳಗ್ಗೆ

ರಾಜಾಜಿ ಅವರನ್ನು ಯಾಕೆ ಬಿಟ್ಟಿರಿ? ಕಾಂಗ್ರೆಸ್ಸನ್ನು ಕಂಡರೆ ಆಗದ ಸ್ವತಂತ್ರ ಪಕ್ಷ ಕಟ್ಟಿದವರು. ಪಾಕಿಸ್ತಾನದ ಜೊತೆ ಮಾತಾಡಿ ಮುಗಿಸಿ ಅಂತ ಮೊದಲಿಂದಲೂ ಹೇಳುತ್ತಿದ್ದವರೂ ಅವರೇ. ಹೆಸರಿನ ನಡುವಿನ ಅಕ್ಷರ ತೆಗೆದರೆ "ರಾಜಿ" ಉಳಿಯುತ್ತೆ, ಗಮನಿಸಿ.

ಗಡಿಕಲ್ಲು · ಭಾನುವಾರ ಮಧ್ಯಾಹ್ನ

ನಗೆಚಾಟಿಕೆ ಆಯಿತು. ವಿಷಯಕ್ಕೆ ಬನ್ನಿ. ಶಾಸ್ತ್ರಿ ಅವರ ಮೇಲೆ ನನಗೆ ಕೋಪ ಇಲ್ಲ. ಸೋಮವಾರ ಒಂದು ಹೊತ್ತು ಊಟ ಬಿಡಿ ಅಂದಾಗ ಇಡೀ ದೇಶ ಬಿಟ್ಟಿತು. ಅಂಥ ನಾಯಕ. ಲಾಹೋರ್ ಕಡೆ ನುಗ್ಗಿ ಅಂತ ಹೇಳುವ ಎದೆಗಾರಿಕೆ ಇದ್ದವರು. ಅದಕ್ಕೇ ಜಾಸ್ತಿ ನೋವು. ಗೆಲ್ಲುವ ಹೊತ್ತಿನಲ್ಲಿ ಕೈಬಿಟ್ಟರು.

ಲೆಕ್ಕದಪುಸ್ತಕ · ಭಾನುವಾರ ಮಧ್ಯಾಹ್ನ

"ಗೆಲ್ಲುವ ಹೊತ್ತು" ಅನ್ನುವುದರ ಒಳಗೇ ಒಂದು ದೊಡ್ಡ ಕಥೆ ಇದೆ. ಕದನವಿರಾಮಕ್ಕೆ ಮುಂಚೆ ಶಾಸ್ತ್ರಿ ಸೇನಾ ಮುಖ್ಯಸ್ಥ ಜನರಲ್ ಚೌಧರಿ ಅವರನ್ನು ಕೇಳಿದರು. ಇನ್ನೂ ಕೆಲವು ದಿನ ಹೋರಾಡಿದರೆ ದೊಡ್ಡದೇನಾದರೂ ಸಿಗುತ್ತಾ ಅಂತ. ಮುಂಚೂಣಿಯ ಮದ್ದುಗುಂಡು ಬಹುಪಾಲು ಮುಗಿದಿದೆ, ಟ್ಯಾಂಕುಗಳೂ ಬಹಳ ಹಾಳಾಗಿವೆ ಅನ್ನುವ ಉತ್ತರ ಬಂತು. ಆಮೇಲೆ ರಕ್ಷಣಾ ಇಲಾಖೆಯೇ ಬರೆಸಿದ ಯುದ್ಧದ ಇತಿಹಾಸ ನೋಡಿದರೆ, ಖರ್ಚಾಗಿದ್ದದ್ದು ಶೇ 14ರಷ್ಟು ಮಾತ್ರ. ಟ್ಯಾಂಕ್ ಲೆಕ್ಕದಲ್ಲೂ ನಾವೇ ಮುಂದಿದ್ದೆವು.

ಅಂದರೆ ಪ್ರಧಾನಿ ಕೈಬಿಟ್ಟದ್ದು ಹೆದರಿಕೆಯಿಂದ ಅಲ್ಲ. ಅವರ ಕೈಗೆ ಕೊಟ್ಟ ಲೆಕ್ಕವೇ ತಪ್ಪಿತ್ತು. ಈ ವಿಷಯ 1966ರ ಜನವರಿಯಲ್ಲಿ ಹೊಗಳಿದವರಿಗೂ ಗೊತ್ತಿರಲಿಲ್ಲ, ತೆಗಳಿದವರಿಗೂ ಗೊತ್ತಿರಲಿಲ್ಲ. ಇಬ್ಬರೂ ಕಣ್ಣು ಕಟ್ಟಿಕೊಂಡು ಕಾದಾಡಿದರು.

ಗಡಿಕಲ್ಲು · ಭಾನುವಾರ ಮಧ್ಯಾಹ್ನ

ಈ 14 ಕೇಳಿದ್ದೆ. ಹೊಟ್ಟೆ ಉರಿಯುತ್ತೆ. ಇದಕ್ಕೆ ನಾನು ಪ್ರಧಾನಿಯನ್ನು ಬೈಯಲ್ಲ.

ಕಾವೇರಿಕೊಡವ · ಭಾನುವಾರ ಸಂಜೆ

ನಮ್ಮ ಕಡೆಯ ಎರಡು ಹೆಸರು ಹೇಳಿ ಹೋಗುತ್ತೇನೆ.

ಒಂದು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಹಳೇ ಮಿಸ್ಟೀರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಕೆಡವಿದ್ದರು ಅಂತ ಲೋಕಕ್ಕೆ ಗೊತ್ತಾಗುವಷ್ಟರಲ್ಲಿ ವರ್ಷಗಳೇ ಉರುಳಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಎರಡು, ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ. ಅವರ ವಿಮಾನ ಬಿದ್ದದ್ದು ಸೆಪ್ಟೆಂಬರ್ 22ರಂದು, ಅಂದರೆ ಗುಂಡು ನಿಲ್ಲುವ ಹಿಂದಿನ ದಿನ. ಪಾಕಿಸ್ತಾನದವರಿಗೆ ಸೆರೆಸಿಕ್ಕರು. ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಇದ್ದ ಅಯೂಬ್ ಖಾನ್, ಬೇಕಿದ್ದರೆ ಬಿಡುತ್ತೇನೆ ಅಂತ ಹೇಳಿ ಕಳಿಸಿದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡ ಅಂತ ಇವರು ಉತ್ತರ ಕೊಟ್ಟರು. ಮಗ ಮನೆಗೆ ಬಂದದ್ದು 1966ರ ಜನವರಿಯಲ್ಲಿ, ಉಳಿದ ಕೈದಿಗಳ ಜೊತೆ.

ಯುದ್ಧಕೈದಿಗಳನ್ನು ವಾಪಸ್ ಕಳಿಸುವ ಮಾತೂ ಆ ಒಂಬತ್ತು ಅಂಶದಲ್ಲೇ ಇತ್ತು. ಹಾಜಿಪೀರ್ ಸಾಲನ್ನು ಮಾತ್ರ ಓದಿ ಕಾಗದ ಹರಿಯುವವರು ಈ ಸಾಲನ್ನೂ ಓದಲಿ. ನಾನು ಯಾವ ಪಕ್ಷವೂ ಅಲ್ಲ.

ಸಂಜೆಮಲ್ಲಿಗೆ · ಭಾನುವಾರ ಸಂಜೆ

ಇದು ಗೊತ್ತಿರಲಿಲ್ಲ. ಧನ್ಯವಾದ. ಹಾಗೇ ಕೇಳುತ್ತೇನೆ, ಆ ಕಡೆ ಏನಾಯಿತು? ನಮಗೆ ಮೋಸ ಅಂದರೆ ಅವರಿಗೆ ಹಬ್ಬ ಆಗಿರಬೇಕಲ್ಲ?

ಲೆಕ್ಕದಪುಸ್ತಕ · ಭಾನುವಾರ ರಾತ್ರಿ

ಹಬ್ಬ ಎಲ್ಲಿಂದ ಬಂತು! ಲಾಹೋರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಗೋಲಿಬಾರ್ ಆಗಿ ಪ್ರಾಣ ಹೋಯಿತು. ಯುದ್ಧ ಗೆದ್ದೇಬಿಟ್ಟೆವು ಅಂತ ಅಲ್ಲಿನ ರೇಡಿಯೋ ಹೇಳಿಕೊಂಡು ಬಂದಿತ್ತು. ಗೆದ್ದಿದ್ದರೆ ಕಾಶ್ಮೀರ ಎಲ್ಲಿ? ಒಪ್ಪಂದದಲ್ಲಿ ಕಾಶ್ಮೀರದ ಬಗ್ಗೆ ಇದ್ದದ್ದು, ಇಬ್ಬರೂ ತಮ್ಮ ತಮ್ಮ ನಿಲುವು ಹೇಳಿಕೊಂಡರು ಅನ್ನುವಷ್ಟೇ. ಭುಟ್ಟೋ ವಿದೇಶಾಂಗ ಮಂತ್ರಿಯಾಗಿ ತಾಷ್ಕೆಂಟಿಗೆ ಹೋಗಿದ್ದವರು. ಮುಖ ಗಂಟು ಹಾಕಿಕೊಂಡೇ ವಾಪಸ್ ಬಂದರು. ಅದೇ ವರ್ಷ ಸರ್ಕಾರ ಬಿಟ್ಟರು. 1967ರಲ್ಲಿ ಸ್ವಂತ ಪಕ್ಷ ಕಟ್ಟಿದರು. ತಾಷ್ಕೆಂಟಿನ ಗುಟ್ಟು ಒಡೆಯುತ್ತೇನೆ ಅಂತ ಹೇಳಿಕೊಂಡೇ ರಾಜಕೀಯ ಮಾಡಿದರು. 1969ರ ಮಾರ್ಚ್‌ನಲ್ಲಿ ಅಯೂಬ್ ಇಳಿದರು.

ತ್ಯಾಗಿ ಅವರೂ ಬಿಟ್ಟರು, ಭುಟ್ಟೋ ಅವರೂ ಬಿಟ್ಟರು. ಒಬ್ಬರು ಬಿಟ್ಟು ಹಿಂದಿನ ಬೆಂಚಿಗೆ ಹೋದರು, ಇನ್ನೊಬ್ಬರು ಬಿಟ್ಟು ಸಿಂಹಾಸನಕ್ಕೆ ಹೋದರು. ಅದಕ್ಕೇ ಹಳೇಪೇಪರ್ ಅವರ "ತನ್ನವರ ಮಾತಿಗೆ ತೂಕ" ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬಿಟ್ಟ ಮೇಲೆ ಎಲ್ಲಿಗೆ ಹೋದರು ಅಂತಲೂ ನೋಡಬೇಕು.

ಗಡಿಕಲ್ಲು · ಭಾನುವಾರ ರಾತ್ರಿ

ಹಾಗಾದರೆ ವಾಜಪೇಯಿ? 1966ರಲ್ಲೂ ಬೇಡ ಅಂದರು, 1972ರಲ್ಲಿ ಶಿಮ್ಲಾ ಒಪ್ಪಂದಕ್ಕೂ ಬೇಡ ಅಂದರು. ಅವರಿಗೆ ಆಗ ಸಿಗುವುದು ಏನೂ ಇರಲಿಲ್ಲ. ಮಾತು ಬದಲಿಸಲಿಲ್ಲ.

ಕೆಂಬಾವುಟ · ಭಾನುವಾರ ರಾತ್ರಿ

ಬದಲಿಸಿದರು, ಪ್ರಧಾನಿ ಆದ ಮೇಲೆ. 1999ರ ಫೆಬ್ರವರಿಯಲ್ಲಿ ಲಾಹೋರಿಗೆ ಬಸ್ಸಿನಲ್ಲಿ ಹೋದವರು ಅವರೇ. ಕಾರ್ಗಿಲ್‌ನಲ್ಲಿ ನಿಯಂತ್ರಣ ರೇಖೆ ದಾಟಬೇಡಿ ಅಂತ ಸೇನೆಗೆ ಹೇಳಿದವರೂ ಅವರೇ. ಮುಷರಫ್ ಅವರನ್ನು 2001ರಲ್ಲಿ ಆಗ್ರಾಕ್ಕೆ ಕರೆದವರೂ ಅವರೇ. ಇದನ್ನೆಲ್ಲ ಕಾಂಗ್ರೆಸ್ ಪ್ರಧಾನಿ ಮಾಡಿದ್ದರೆ ನೀವು ಏನನ್ನುತ್ತಿದ್ದಿರಿ?

ಗಡಿಕಲ್ಲು · ಸೋಮವಾರ ಬೆಳಗ್ಗೆ

ರಾತ್ರಿ ಇದಕ್ಕೆ ಉತ್ತರ ಬರೆದು ಅಳಿಸಿದೆ. ನಿಜ ಹೇಳಬೇಕು ಅಂದರೆ ಬೈಯುತ್ತಿದ್ದೆ. ರೇಖೆ ದಾಟದೆ ಕಾದಾಡಿದ್ದು ಆಗ ಜಾಣತನ ಅಂತ ನಾನೇ ಕಾಲೇಜಿನಲ್ಲಿ ವಾದ ಮಾಡಿದ್ದೆ. ಕಾಂಗ್ರೆಸ್ ಸರ್ಕಾರ ಇದ್ದಿದ್ದರೆ ಹೇಡಿತನ ಅಂತಲೇ ಅನ್ನುತ್ತಿದ್ದೆನೋ ಏನೋ.

ಆದರೆ ನೀವೂ ಹೇಳಿ. 2009ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಮನಮೋಹನ್ ಸಿಂಗ್ ಜಂಟಿ ಹೇಳಿಕೆಯಲ್ಲಿ ಬಲೂಚಿಸ್ತಾನದ ಹೆಸರು ಬರಲು ಬಿಟ್ಟರಲ್ಲ, ಆಗ ಅವರ ಪಕ್ಷದವರೇ ಗಟ್ಟಿಯಾಗಿ ಬೆನ್ನಿಗೆ ನಿಲ್ಲಲಿಲ್ಲ. ಅದು ಯಾವ ಲೆಕ್ಕ?

ಲೆಕ್ಕದಪುಸ್ತಕ · ಸೋಮವಾರ ಬೆಳಗ್ಗೆ

ಶಿಮ್ಲಾ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ತಾಷ್ಕೆಂಟಿನಲ್ಲಿ ನಮಗೆ ವಾಪಸ್ ಸಿಕ್ಕ ಛಾಂಬ್ 1971ರ ಯುದ್ಧದಲ್ಲಿ ಮತ್ತೆ ಕೈಬಿಟ್ಟಿತು. ಶಿಮ್ಲಾ ಆದ ಮೇಲೆ ಗೆರೆ ಎಳೆಯುವಾಗ ಅದು ಅವರ ಕಡೆಯೇ ಉಳಿಯಿತು. ನಾವು ಆ ಯುದ್ಧದಲ್ಲಿ ಹಿಡಿದ ಲಡಾಖ್ ಕಡೆಯ ತುರ್ತುಕ್ ನಮ್ಮ ಕಡೆ ಉಳಿಯಿತು. ಹಾಜಿಪೀರ್ ಬಗ್ಗೆ ಅರವತ್ತು ವರ್ಷದಿಂದ ಎದೆ ಬಡಿದುಕೊಳ್ಳುತ್ತಿದ್ದೇವೆ. ಛಾಂಬ್ ಹೆಸರು ಕೇಳಿದವರು ಎಷ್ಟು ಜನ? ಅಲ್ಲಿಂದ ಎರಡೆರಡು ಸಲ ಮನೆ ಬಿಟ್ಟು ಓಡಿಬಂದ ಕುಟುಂಬಗಳಿಗೆ ತಾಷ್ಕೆಂಟ್ ಅಂದರೆ ಐದು ವರ್ಷ ತಮ್ಮ ಹೊಲ ಉತ್ತ ನೆನಪು.

ಗಡಿಕಲ್ಲು · ಸೋಮವಾರ ಮಧ್ಯಾಹ್ನ

ಛಾಂಬ್ ಬಗ್ಗೆ ನಾನು ಸರಿಯಾಗಿ ಯೋಚಿಸಿರಲಿಲ್ಲ, ಒಪ್ಪಿದೆ. ಹಾಜಿಪೀರ್ ಬಿಟ್ಟದ್ದು ತಪ್ಪು ಅನ್ನುವುದರಲ್ಲಿ ಬದಲಾವಣೆ ಇಲ್ಲ. "ಮಾರಿಬಿಟ್ರು" ಅನ್ನುವ ಮಾತು ಮಾತ್ರ ವಾಪಸ್.

ಹಳೇಪೇಪರ್ · ಸೋಮವಾರ ರಾತ್ರಿ

ಆ ಮಾತು ನಿಮ್ಮದಲ್ಲ, ನಮ್ಮ ಚಿಕ್ಕಜ್ಜನದು. ವಾಪಸ್ ತಗೊಳ್ಳಲು ಅವರಿಲ್ಲ 🙂

ಇವತ್ತು ತುಣುಕನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಮೊದಲು ಗಮನಿಸಿರಲಿಲ್ಲ. "ಸರಿ" ಪಕ್ಕ ಅಜ್ಜ ಸಣ್ಣಗೆ ದಿನಾಂಕ ಹಾಕಿದ್ದಾರೆ, 13 ಜನವರಿ. ಶಾಸ್ತ್ರಿ ತೀರಿಕೊಂಡದ್ದು 11ರ ನಸುಕಿನಲ್ಲಿ. ಅವರ ಶವಪೆಟ್ಟಿಗೆಗೆ ಅಯೂಬ್ ಮತ್ತು ಕೊಸಿಗಿನ್ ಹೆಗಲು ಕೊಟ್ಟ ಚಿತ್ರ ಅಷ್ಟರೊಳಗೆ ಪತ್ರಿಕೆಗಳಲ್ಲಿ ಬಂದಿರಬೇಕು. ಅಂಥ ಹೊತ್ತಿನಲ್ಲಿ ಯಾರು ತಾನೇ ಬೇರೆ ಏನು ಬರೆದಾರು? ಪಾರ್ಲಿಮೆಂಟಿನಲ್ಲೂ ಅಷ್ಟೇ. ವಿರೋಧ ಇತ್ತು, ಆದರೆ ಬೈಯಬೇಕಾದ ಮನುಷ್ಯನೇ ಇರಲಿಲ್ಲ. ಅವರು ಬದುಕಿ ವಾಪಸ್ ಬಂದಿದ್ದರೆ ವಿಮಾನ ನಿಲ್ದಾಣದಲ್ಲಿ ಹೂವಿನ ಹಾರ ಕಾದಿತ್ತೋ ಕಪ್ಪು ಬಾವುಟ ಕಾದಿತ್ತೋ.

ಇನ್ನೊಂದು. "ಸರಿ" ಮೇಲೆ ಅದೇ ನೀಲಿ ಶಾಯಿಯಲ್ಲಿ ಒಂದು ಪದ ಬರೆದು ಜೋರಾಗಿ ಹೊಡೆದುಹಾಕಿದ್ದಾರೆ. ಕಾಗದ ಸ್ವಲ್ಪ ಹರಿದಿದೆ. ಭೂತಗನ್ನಡಿ ಹಿಡಿದರೆ "ಹಾಜಿ" ವರೆಗೆ ಓದಬಹುದು. ಕೊನೆಯಲ್ಲಿ ಪ್ರಶ್ನೆಚಿಹ್ನೆ ಇದೆ.

ಸಂಜೆಮಲ್ಲಿಗೆ · ಸೋಮವಾರ ರಾತ್ರಿ

ಅಯ್ಯೋ. ಕಾಂಗ್ರೆಸ್ ಅಜ್ಜನೂ!

ಚಿಕ್ಕಜ್ಜನ ಕಡೆ? ಅಲ್ಲೂ ಏನಾದರೂ ಅಳಿಸಿದ ಗುರುತು ಇದೆಯಾ?

ಹಳೇಪೇಪರ್ · ಸೋಮವಾರ ರಾತ್ರಿ

ಏನೂ ಕಾಣುತ್ತಿಲ್ಲ. ಆದರೆ ಅವರದು ಪೆನ್ಸಿಲ್ ಅಲ್ವಾ. ರಬ್ಬರ್ ಇತ್ತೋ ಏನೋ.